ಕಾಲರ್ ಮೈಕು

ನವನಗರದಾಗ ಪ್ಲೈವುಡ್ ಅಂಗಡಿ ಮ್ಯಾಲೆ ನಮ್ಮ ಸ್ಟುಡಿಯೋ.
ಗರಗಸ ನಿಲ್ಲಿಸ್ರೀ ಅಂತ ಕೆಳಗ ಹೇಳಿಬಂದ ಮ್ಯಾಲೇ
ಇಲ್ಲಿ ಮಾತು ಸುರು.
ಫ್ಯಾನ್ ಬಂದ್. ಏಸಿ ಬಂದ್. ಮೇ ತಿಂಗಳು.
ಕಪ್ಪಿನಾಗ ಚಾ ಇಲ್ಲ, ಸೋಫಾ ಬಾಡಿಗೀದು.
ಚಪ್ಪಾಳಿ ಬೆಳಿಗ್ಗೇನ ಹೊಡಿಸಿ ಇಟ್ಕೊಂಡೀವಿ,
ನರ್ಸಿಂಗ್ ಹುಡಿಗ್ಯಾರು ಉಪ್ಪಿಟ್ಟು ತಿಂದು ಹ್ವಾದ್ರು.

ಒಂದ ದಿನಕ್ಕ ನಾಕು ಭಾಗ. ಶ್ರೀಶೈಲ ಸರ್
ಕೋಟು ಬದಲಿ ಮಾಡಿ ಮಾಡಿ ನಾಕು ವಾರ ದಾಟತಾರ;
ಟೇಬಲ್ ಕೆಳಗ ಅದ ಹವಾಯಿ ಚಪ್ಪಲಿ.
ಅವರ ಎಡಗಿವಿಯೊಳಗ ಕಡ್ಲಿಕಾಳಿನಷ್ಟು ಯಂತ್ರ,
ಒಳಗಿನ ಕೋಣಿಯಿಂದ ಮೇಡಂ ಪ್ರಶ್ನೆ ಊದತಾರ,
ಇವರು ಗಲ್ಲಕ್ಕ ಕೈ ಕೊಟ್ಟು
ಆಗಷ್ಟ ಹೊಳದವರಂಗ ಕೇಳತಾರ.

ನಾನು ಮೂಲ್ಯಾಗ, ಹೆಡ್‌ಫೋನ್ ಹಾಕ್ಕೊಂಡು.
ನನಗ ಮಾರಿ ಕಾಣೂದಿಲ್ಲ. ಉಗುಳು ನುಂಗೂದು ಕೇಳತೈತಿ,
ಹೊಸ ಅಂಗಿ ಸರಪರ ಅನ್ನೂದು, ಹೊಟ್ಟಿ ಗುರಗುಟ್ಟೂದು.

ಮೂರನೇ ಭಾಗಕ್ಕ ಬಂದವರು ಗುಳೇದಗುಡ್ಡದ ಮೋದಿನಸಾಬರು.
ನಾಟಕ ಕಂಪನಿಯೊಳಗ ಮೂವತ್ತೊಂದು ವರ್ಷ
ಪಡದಿ ಸಂದ್ಯಾಗ ನಿಂತು ಮಾತು ಎತ್ತಿಕೊಟ್ಟವರು.
ಪೌಡರ್ ಹಚ್ಚಾಕ ಹೋದ್ರ
"ಬ್ಯಾಡವ್ವಾ, ಬೆಳಕಿಗೆ ಬಂದ್ರ ರೂಢಿ ಕೆಡತೈತಿ" ಅಂದ್ರು.
ಅವರ ಗುಂಡಿಗೆ ಮೈಕ್ ಸಿಗಿಸಿದಾಕಿ ನಾನ.

ಅರ್ಧದಾಗ ಕರೆಂಟ್ ಹೋತು.
ಲೈಟು ಇನ್ವರ್ಟರ್ ಮ್ಯಾಲೆ ಬದುಕಿದ್ವು,
ಮೇಡಂ ದನಿ ಬದುಕಲಿಲ್ಲ.
ಶ್ರೀಶೈಲ ಸರ್ ಗಲ್ಲಕ್ಕ ಕೈ ಕೊಟ್ರು. ಕಾದ್ರು.
ನಕ್ರು. ಖಾಲಿ ಕಪ್ಪು ಎತ್ತಿ ಕುಡದ್ರು.
ನನ್ನ ಕಿವಿಯೊಳಗ ಬರೇ ಎರಡು ಉಸಿರು.

ಆಗ, ತುಟಿ ಅಲುಗದಂಗ:
"ಮೊದಲ ಕ್ಯಾಂಪ್ ಯಾವೂರಾಗಿತ್ತು, ಕೇಳು ತಮ್ಮಾ."

ಸರ್ ಕೇಳಿದ್ರು.
ಮುದುಕರು ಬೆಚ್ಚಿಬಿದ್ದು
"ಅಬಾಬಾ, ಎಂಥಾ ಪ್ರಶ್ನೆ ತಗದ್ಯೋ!" ಅಂದ್ರು.
ಹನ್ನೆರಡು ನಿಮಿಷ ಹಂಗ ನಡೀತು,
ಪ್ರಶ್ನೆನೂ ಅವರದ, ಉತ್ತರನೂ ಅವರದ,
ನಡುವ ಒಂದು ಕೋಟು.

ರಾತ್ರಿ ಎಡಿಟಿಂಗಿನಾಗ ಮೇಡಂ,
"ಭಾರೀ ಬಂದೈತಿ. ಆ ಗುಸುಗುಸು ಅಷ್ಟು ತಗದಬಿಡು."
ತಗದೆ. ಅಕ್ಕಿಯೊಳಗಿನ ಹಳ್ಳಿನಂಗ ಒಂದೊಂದ ಆರಿಸಿ ತಗದೆ.
ಬೆಳಿಗ್ಗಿನ ಚಪ್ಪಾಳಿ ತಂದು ಅಲ್ಲಿ ಸುರುವಿದೆ.

ಆದ್ರ ಮಧ್ಯಾಹ್ನ ಅವರು ಹೊಂಟಾಗ
ಹೊದಿಸಿದ ಶಾಲು ನಾಕನೇ ಭಾಗಕ್ಕ ಬೇಕಂತ ಇಸಗೊಂಡಿದ್ವಿ,
ಮೈಕ್ ಇಸಗೊಳ್ಳೂದು ನಾನ ಮರತಿದ್ದೆ.
ಪಾವಟಿಗಿ ಇಳಿಯೂದು ಕೇಳತಿತ್ತು,
ಒಂದು ಕಾಲು ಗಟ್ಟಿ, ಒಂದು ಎಳದಂಗ.
ಕತ್ತಲ್ಯಾಗ ಎದುರಿಂದ ಯಾರೋ ಏರಿ ಬಂದಿರಬೇಕು.
ಅದ ಸಣ್ಣ ದನಿ:
"ಇನ್ನ ಮೂರು ಅದಾವ. ಕೈ ಬಲಕ್ಕ ಹಿಡಿ."