ಜಕ್ರೋನ ಕೊನೆಯ ಗುಡಾಣ

ದಿನಕ್ಕೆ ನಾಲ್ಕು ಬೆರಳು. ಅದಕ್ಕಿಂತ ಹೆಚ್ಚು ಏರಿಸಿದರೆ
ಹಸಿ ಮಣ್ಣು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ.
"ಇದು ಚಕ್ರದ ಮೇಲಿನ ಆಟವಲ್ಲ, ಬಿಚೋ,
ಇದರ ಸುತ್ತ ನೀನೇ ತಿರುಗಬೇಕು" ಎನ್ನುತ್ತಿದ್ದ ಜಕ್ರೋ,
ಮಣ್ಣಿನ ಸುರುಳಿಯನ್ನು ಹಾವಾಡಿಗನಂತೆ ಹೆಗಲಿಗೆ ಹಾಕಿಕೊಂಡು.
ನಲವತ್ತೊಂಬತ್ತು ವರ್ಷ ತಿರುಗಿದ.
ಅಷ್ಟೂ ನಡಿಗೆಯನ್ನು ನೆಟ್ಟಗೆ ನಡೆದಿದ್ದರೆ
ಕಾಖೇತಿ ದಾಟಿ, ಕಾಕಸಸ್ಸಿನ ಹಿಮ ದಾಟಿ
ಯಾವುದೋ ಸಮುದ್ರ ಮುಟ್ಟುತ್ತಿದ್ದನೇನೋ.
ಹೋಗಲಿಲ್ಲ. ಊಟದ ಹೊತ್ತಿಗೆ ಮನೆ ಸೇರಬೇಕಿತ್ತು.

ಮನೆಯಲ್ಲಿ ನಾಜಿಬ್ರೋಲಾ, ಮಾತಿನಮಲ್ಲಿ.
ಅವಳು ನೂರು ಆಡಿದರೆ ಇವನದು ಕೊನೆಯೆರಡು ಪದ,
ಅವಳವೇ, ತುಸು ತಡವಾಗಿ, ಅವಳಿಗೇ ವಾಪಸು:
"ಅಕ್ರೋಟಿಗೆ ಈ ಸಲ ಬೆಲೆಯೇ ಇಲ್ಲ."
"ಬೆಲೆಯೇ ಇಲ್ಲ."
"ನಿನಗೆ ಕಿವಿ ಇದೆಯೋ ಇಲ್ಲವೋ?"
"ಇದೆಯೋ ಇಲ್ಲವೋ."
ಆಗ ಅವಳು ಸೌಟು ಎತ್ತುವಳು.

ಅವಳ ಕಣ್ಣು ಮಂಜಾಗತೊಡಗಿದ್ದು
ಕರೆಂಟಿಲ್ಲದ ಆ ಚಳಿಗಾಲಗಳಲ್ಲಿ.
ದೇಶಕ್ಕೆ ದೇಶವೇ ಕತ್ತಲಲ್ಲಿ ತಡಕಾಡುವಾಗ
ತನ್ನೊಬ್ಬಳ ಕತ್ತಲು ಬೇರೆಯೆಂದು ತಿಳಿಯುವುದು ಹೇಗೆ?
ಟಿಬಿಲಿಸಿಯ ಡಾಕ್ಟರು ಕೈಚೆಲ್ಲಿದ ದಿನ
ಜಕ್ರೋ ಬಸ್ಸಿಳಿದವನೇ ನೇರ ಕೊಟ್ಟಿಗೆಗೆ ಬಂದ,
ಇನ್ನೂ ಹಸಿಯಿದ್ದ ಗುಡಾಣದ ಕಂಠಕ್ಕೆ
ಜೇಬಿನಿಂದ ಅಕ್ರೋಟಿನ ಚಿಪ್ಪು ತೆಗೆದು ಒತ್ತಿದ.
ಏನೂ ಹೇಳಲಿಲ್ಲ.

ಆಮೇಲೆ ಮನೆಗೆಂದು ಮಾಡಿದ್ದಕ್ಕೆಲ್ಲ ಒಂದೊಂದು ಗುರುತು.
ಬಿಳಿ ದ್ರಾಕ್ಷಿಯದಕ್ಕೆ ಅವಳ ಬಾಚಣಿಗೆಯ ಹಲ್ಲು,
ಕೆಂಪಿನದಕ್ಕೆ ಗೋಧಿ ತೆನೆ,
ನೆಂಟರಿಗೆಂದು ಇಟ್ಟದ್ದಕ್ಕೆ ನನ್ನ ಷರ್ಟಿನ ಗುಂಡಿ,
ಕೇಳದೆ ಕಿತ್ತುಕೊಂಡದ್ದು.
ಹಿತ್ತಿಲಲ್ಲಿ ಕತ್ತಿನವರೆಗೆ ಹೂತ ಏಳು ಗುಡಾಣಗಳ ನಡುವೆ
ಮಂಡಿಯೂರಿ, ಕಂಠ ಸವರಿ,
ಬೇಕಾದುದರ ಮುಚ್ಚಳವನ್ನೇ ಅವಳು ತೆಗೆಯುವಳು.
ನೋಡಿದವರು ಅಲಂಕಾರವೆಂದುಕೊಂಡು
ತಮಗೂ ಬೇಕೆಂದು ದುಂಬಾಲು ಬಿದ್ದರು.
"ಅದು ಮಾರೋ ಮಾಲಲ್ಲ" ಎಂದ.
ಬೇರೆ ಯಾವುದಕ್ಕೂ ದುಡ್ಡು ಬೇಡವೆಂದವನಲ್ಲ.

ಸತ್ತದ್ದು ಸೆಪ್ಟೆಂಬರಿನಲ್ಲಿ, ದ್ರಾಕ್ಷಿ ಕೊಯ್ಲಿಗೆ ಒಂದು ವಾರ ಮೊದಲು.
ಗೋರಿಯ ಮೇಲೆ ವೈನ್ ಸುರಿದೆವು, ರೊಟ್ಟಿ ಮುರಿದೆವು,
ಲೋಟಕ್ಕೆ ಲೋಟ ತಾಗಿಸಲಿಲ್ಲ.
ಮಾತು ಬಲ್ಲವರು ಎದ್ದು ನಿಂತು ಮಾತಾಡಿದರು.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ, ಸರಿ;
ಆ ದೊಣ್ಣೆ ಮಡಕೆಯನ್ನು ಬಿಟ್ಟು
ಕುಂಬಾರನ ಮೇಲೇ ಬೀಳುವುದೆಂದು ಯಾರೂ ಹೇಳಿರಲಿಲ್ಲ.
ನಾನು ಬಾಯಿ ತೆರೆಯಲಿಲ್ಲ.
ಕೊಟ್ಟಿಗೆಯಲ್ಲಿ ಒದ್ದೆ ಬಟ್ಟೆ ಹೊದ್ದು
ಎದೆಮಟ್ಟಕ್ಕೆ ನಿಂತಿದ್ದ ಅರ್ಧ ಗುಡಾಣದ್ದೇ ಯೋಚನೆ:
ಬಟ್ಟೆ ಒಣಗಿದರೆ ಬಿರುಕು.

ಮುಗಿಸಿದೆ. ದಿನಕ್ಕೆ ನಾಲ್ಕು ಬೆರಳು, ನನ್ನವು.
ಅವನ ಜಾಡು ನಿಂತಲ್ಲಿಂದ ನನ್ನದು ಶುರು.
ನೋಡಿದರೆ ಕಾಣದು. ಅವಳು ಕೈಯಿಟ್ಟ ಕೂಡಲೆ
"ಇಲ್ಲಿ" ಎಂದಳು.
ಕಂಠ ತಿರುವಿದ ದಿನ ಕೇಳಿದೆ, ಯಾವ ಗುರುತು ಒತ್ತಲಿ?
ತುಂಬ ಹೊತ್ತು ಸುತ್ತಲೂ ಸವರಿದಳು.
"ಬೇಡ. ಎಲ್ಲಕ್ಕೂ ಇದೆಯಲ್ಲ.
ಇಲ್ಲದ್ದು ಅವನದು."

ಆವಿಗೆಯಲ್ಲಿ ಏಳು ಹಗಲು ಏಳು ರಾತ್ರಿ ಬೆಂದು,
ಬಿಸಿಯಾರುವ ಮುನ್ನ ಜೇನುಮೇಣ ಕುಡಿದು ಬಂತು.
ಹೂಳಲು ಗುಂಡಿ ತೋಡಿ ತಿಂಗಳಾಯಿತು. ಅವಳು ಬಿಡುತ್ತಿಲ್ಲ.
ಅಂಗಳದಲ್ಲಿ ಅಡ್ಡ ಮಲಗಿದೆ, ಖಾಲಿ.
ಬೆಳಿಗ್ಗೆ ಮುಕ್ಕಾಲಿ ಎಳೆದುಕೊಂಡು ಅದರ ಬಾಯಿಯೆದುರು ಕೂರುತ್ತಾಳೆ
ಅಕ್ರೋಟು ಒಡೆಯುತ್ತ.
ಊರ ಸುದ್ದಿ, ಸೊಸೆಯಂದಿರ ಸುದ್ದಿ, ನನ್ನ ಸೋಮಾರಿತನ,
ಈ ಸಲವೂ ಬೆಲೆಯೇ ಇಲ್ಲ ಎಂಬುದು.
ಒಳಗಿನಿಂದ, ತುಸು ತಡವಾಗಿ,
ಕೊನೆಯೆರಡು ಪದ.