ನನ್ನದೇ ವಾರ

ಕಪಾಟಿನ ಮೇಲಿನಿಂದ ಇಳಿಸಿದೆ.
ಹಾಲಿನ ತೊಟ್ಟೆಯೊಳಗೆ ಇನ್ನೊಂದು ತೊಟ್ಟೆ,
ಅದರೊಳಗೆ ಪುಸ್ತಕ.
ಬೆನ್ನಿಗೆ ಗೋಣಿ ಹೊಲಿಯುವ ನೂಲು,
ಹಾಳೆಗಳು ಚಹಾದ ಬಣ್ಣಕ್ಕೆ ತಿರುಗಿವೆ.
"ಇಷ್ಟು ಸಪೂರವಾ?" ಅಂದಳು ಪ್ರಾಪ್ತಿ.
ಚಿರಾಗ್ ಮೂಸಿ ನೋಡಿ, "ಒಣಮೀನು," ಅಂದ.
ಇಬ್ಬರೂ ಮೊಬೈಲಿನ ಕಡೆಗೆ ಎದ್ದರು.

ಕರೆಂಟು ಹೋಯಿತು, ನನ್ನ ಪುಣ್ಯ.
ಬೊಕ್ಕಪಟ್ಣದ ಈ ಮೂರನೇ ಮಾಳಿಗೆಯಲ್ಲಿ
ಟಾರ್ಚಿನ ಬೆಳಕಿಗೆ ಮೂರು ತಲೆ ತಾಗಿಸಿ ಕೂತೆವು.

ಒಂದು ಕೊಕ್ಕರೆ. ಅದಕ್ಕೆ ಒಂದೇ ಕಾಲು.
ಕೊಕ್ಕರೆಗಳೆಲ್ಲ ಒಂಟಿಕಾಲಲ್ಲೇ ನಿಲ್ಲುವುದರಿಂದ
ಹೊಳೆಯಲ್ಲಿ ಯಾರಿಗೂ ತಿಳಿಯದು.
ನೀರುನಾಯಿಗೆ ಗೊತ್ತು,
ಅದು ನೀರಿನಡಿಯಿಂದ ನೋಡಿದೆ.
ನೋಡಿದ್ದನ್ನು ಹೇಳುವುದಿಲ್ಲ.
ದಿನಾ ಉಬ್ಬರ ಏರುವ ಹೊತ್ತಿಗೆ ಬಂದು
ಆ ಇಲ್ಲದ ಕಾಲಿನ ಜಾಗದಲ್ಲಿ
ಬೆನ್ನು ಕೊಟ್ಟು ನಿಲ್ಲುತ್ತದೆ, ಅಷ್ಟೆ.

"ಅದಕ್ಕೆ ಗೊತ್ತುಂಟೆಂದು ಕೊಕ್ಕರೆಗೆ ಗೊತ್ತುಂಟಾ?"
ಚಿರಾಗ್ ಕೇಳಿದ.

ಇದೇ ಪ್ರಶ್ನೆಗೆ ನಾವಿಬ್ಬರು
ಐದನೇ ಕ್ಲಾಸಿನ ದಸರಾ ರಜೆ ಇಡೀ
ಮಾತು ಬಿಟ್ಟಿದ್ದೆವು.
ಗೊತ್ತುಂಟು ಅಂತ ನಾನು.
ಗೊತ್ತಾದರೆ ಅದು ಹಾರಿಹೋಗ್ತಿತ್ತು ಮಾರಾಯ್ತಿ, ಅಂತ ಮಿಸ್ರಿಯಾ.

ಮಿಸ್ರಿಯಾ ಬೆಂಗ್ರೆಯವಳು.
ದೋಣಿಯಲ್ಲಿ ದಾಟಿ ಶಾಲೆಗೆ ಬರುವವಳು,
ಲಂಗದ ಅಂಚು ಮೂರನೇ ಪೀರಿಯಡ್ಡಿನವರೆಗೂ ಒದ್ದೆ.
ಸ್ಟೇಟ್‌ಬ್ಯಾಂಕಿನ ಬಸ್‌ಸ್ಟ್ಯಾಂಡಿನ ಬದಿಯಲ್ಲಿ
ಹಳೆ ಪುಸ್ತಕದವನು ಹೇಳಿದ್ದು ಆರು ರೂಪಾಯಿ.
ನನ್ನದು ಮೂರು, ಅವಳದು ಎರಡು ಮುಕ್ಕಾಲು,
ಉಳಿದ ನಾಲ್ಕಾಣೆ ಅವನು ಬಿಟ್ಟ.
ಒಂದು ವಾರ ಅವಳಲ್ಲಿ, ಒಂದು ವಾರ ನನ್ನಲ್ಲಿ.
ಹಿಂದಿನ ರಟ್ಟಿನ ಒಳಬದಿಯಲ್ಲಿ
ಈಗಲೂ ಉಂಟು ಪೆನ್ಸಿಲಿನ ಲೆಕ್ಕ, ಸಾಲುಸಾಲು:
ಮಿ, ಸು, ಮಿ, ಸು, ಮಿ, ಸು.

ಸು ಅಂದರೆ ಸುಗಂಧಿ, ನಾನು.
ಅಲ್ಲಿಗೆ ನಿಂತಿದೆ.
ಏಳನೆಯದು ಮುಗಿಯಿತು,
ಹೈಸ್ಕೂಲಿಗೆ ಅವಳೊಂದು ಕಡೆ, ನಾನೊಂದು ಕಡೆ.
ದಕ್ಕೆಗೆ ಹೋಗಿ ದೋಣಿ ಹತ್ತಬಹುದಿತ್ತು,
ಐವತ್ತು ಪೈಸೆ.
ಹತ್ತಲಿಲ್ಲ.
ಪುಸ್ತಕ ನನ್ನ ಹತ್ತಿರ ಇತ್ತಲ್ಲ.

"ಅಂದರೆ ಅವತ್ತಿನಿಂದ ನಿನ್ನದೇ ವಾರವಾ?"
ಪ್ರಾಪ್ತಿ ಕರೆಂಟು ಬಿಲ್ಲಿನ ಹಿಂದೆ ಗುಣಿಸತೊಡಗಿದಳು,
ಟೀಚರಿನ ಹಾಗೆ ತುಟಿ ಮುಂದೆ ಮಾಡಿ:
ಇಪ್ಪತ್ತೆಂಟು ವರ್ಷ, ವರ್ಷಕ್ಕೆ ಐವತ್ತೆರಡು,
ಅದರಲ್ಲಿ ಅರ್ಧ ಅವರದು.
"ಏಳುನೂರ ಇಪ್ಪತ್ತೆಂಟು ವಾರ ಬಾಕಿ ಉಂಟು, ಅಮ್ಮ."
"ಅವರು ನಾಲ್ಕಾಣೆ ಕಡಿಮೆ ಕೊಟ್ಟದ್ದಲ್ವಾ?"
ಚಿರಾಗ್ ನನ್ನ ಪಕ್ಷ ಹಿಡಿದ.
ನಗು ಬಂತು, ಪೂರ್ತಿ ಬರಲಿಲ್ಲ.

ಕಿಟಕಿಯಾಚೆ ಹೊಳೆ ಕಪ್ಪು.
ಅದರಾಚೆ ಬೆಂಗ್ರೆಯಲ್ಲಿ ಕರೆಂಟು ಇತ್ತು.
ಅಷ್ಟೂ ದೀಪಗಳಲ್ಲಿ ಒಂದನ್ನು
ಇದೇ ಇರಬೇಕೆಂದು
ಎಷ್ಟೋ ರಾತ್ರಿ ಬಟ್ಟೆ ತೆಗೆಯುವಾಗ ಆರಿಸಿದ್ದೇನೆ,
ದಿನಕ್ಕೊಂದನ್ನು.

ಫ್ಯಾನು ತಿರುಗಿತು. ಹಾಳೆ ತಾನೇ ಮಗುಚಿತು.
ಕತೆ ಇನ್ನೂ ಐದು ಪುಟ ಇತ್ತು.
ಮೊಬೈಲು ಅಲ್ಲೇ ಮಂಚದ ಮೇಲೆ, ಯಾರೂ ಮುಟ್ಟಲಿಲ್ಲ.
"ಉಳಿದದ್ದು ನಾಳೆ," ಅಂದೆ.
"ಆಯ್ತು. ಆದರೆ ಆದಿತ್ಯವಾರ ದೋಣಿ ಉಂಟಲ್ಲ?"
ಅಂದಳು ಪ್ರಾಪ್ತಿ,
ನನ್ನನ್ನು ಕೇಳದೆ,
ಕೊನೆಯ ಸು ಆದಮೇಲೆ,
ನೇರಳೆ ಸ್ಕೆಚ್‌ಪೆನ್ನಿನಲ್ಲಿ
ದೊಡ್ಡದಾಗಿ
ಮಿ
ಎಂದು ಬರೆಯುತ್ತಾ.