ಐಸ್ ಪ್ಲಾಂಟಿನವರು ಶಿಕಾಗೊಗೆ ಹೋದದ್ದು

ದಕ್ಕೆಯಲ್ಲಿ ಬುಟ್ಟಿ ಇಳಿಸಿ ಕೇಳುತ್ತಾರೆ,
"ಚಳಿ ಹೇಗಿತ್ತು ರೇವತಿಯಕ್ಕ?"
ಹಲ್ಲಿಗೆ ಹಲ್ಲು ಬಡಿಯುತ್ತಿತ್ತು ಅಂದರೆ ನಗು.
"ಐಸ್ ಪ್ಲಾಂಟಿನವಳಿಗೂ ಚಳಿಯಾ!"

ಇವರು ಹೊರಟದ್ದು ಕಂಪ್ರೆಸರ್ ನೋಡಲಿಕ್ಕೆ.
ಜನವರಿಯಲ್ಲಿ ಅಲ್ಲೊಂದು ಯಂತ್ರಮೇಳ, ಮೂರು ದಿನ.
ಟಿಕೇಟು ಎರಡು ಮಾಡಿಸಿ ಬಂದರು, ನನ್ನನ್ನು ಕೇಳದೆ.
"ಒಬ್ಬನೇ ಹೋದರೆ ಗಂಜಿ ಮಾಡುವವರು ಯಾರು?"
ಪಾಸ್‌ಪೋರ್ಟಿನ ಫೋಟೋಕ್ಕೆ ನಾನು ಮಲ್ಲಿಗೆ ಮುಡಿದು ಹೋದೆ,
ಸ್ಟುಡಿಯೋದವನು "ಕಿವಿ ಕಾಣಬೇಕು" ಅಂದ,
ಮಲ್ಲಿಗೆ ಕಾಣಬೇಕು ಅನ್ನಲಿಲ್ಲ.

ಕೋಟು ಕೊಟ್ಟದ್ದು ಫ್ಲೇವಿಬಾಯಿ.
ಸಿರಿಲ್ ಪೊರ್ಬುಗಳು ಹಡಗಿನಲ್ಲಿ ಅಡುಗೆಯವರಾಗಿದ್ದಾಗಿನದು,
ಅವರು ಹೋಗಿ ಹನ್ನೊಂದು ವರ್ಷ,
ನುಸಿಗುಳಿಗೆಯ ವಾಸನೆಯಲ್ಲಿ
ಕಪಾಟಿನೊಳಗೆ ನೇತಾಡಿಕೊಂಡಿತ್ತು.
ನನಗೆ ಮೊಣಕಾಲಿನವರೆಗೆ.
ಕನ್ನಡಿಯಲ್ಲಿ ನಾನೇ ಒಂದು ಹಡಗಿನ ಹಾಗೆ.

ಮೇಳದಲ್ಲಿ ಇವರು ಯಂತ್ರದಿಂದ ಯಂತ್ರಕ್ಕೆ,
ಕಿವಿ ಕೊಟ್ಟು, ಮುಟ್ಟಿ, ಬೆಲೆ ಕೇಳಿ ಸುಮ್ಮನಾಗಿ.
ನಾನು ಹೋಟೆಲಿನ ಕೆಟಲಿನಲ್ಲಿ ಕುಚ್ಚಲಕ್ಕಿ ಬೇಯಿಸುತ್ತಿದ್ದೆ.
ಅದು ಕುದಿಯುತ್ತದೆ, ಟಕ್ಕನೆ ಆರುತ್ತದೆ,
ಮತ್ತೆ ಒತ್ತಬೇಕು.
ಒಂದು ಗಂಜಿಗೆ ನಲವತ್ತು ಸಲ ಒತ್ತಿದ್ದೇನೆ.
ಸಿಗಡಿ ಚಟ್ನಿಪುಡಿಯ ಡಬ್ಬಿ ಬಿಚ್ಚಿದ ದಿನ
ಪಕ್ಕದ ಕೋಣೆಯವರು ಬಾಗಿಲು ತೆರೆದು ನೋಡಿ ಮುಚ್ಚಿಕೊಂಡರು.

ಕೊನೆಯ ದಿನ ಕೆರೆ ನೋಡಲು ಹೋದೆವು.
ಕೆರೆ ಅನ್ನುತ್ತಾರೆ, ಆಚೆ ದಡವಿಲ್ಲ.
ಬೆಂಗ್ರೆಯ ಕಡಲೇ ಬಂದು
ಯಾರೋ ಬೈದ ಹಾಗೆ ನಿಂತುಬಿಟ್ಟಿತ್ತು,
ತೆರೆಗಳು ತೆರೆಗಳಾಗಿಯೇ ಗಟ್ಟಿ.

ಇವರು ಮಾತಾಡಲಿಲ್ಲ.
ಇಪ್ಪತ್ತೆಂಟು ವರ್ಷ ಕರೆಂಟು ಬಿಲ್ಲು ಕಟ್ಟಿದ ಮನುಷ್ಯ,
ಉಪ್ಪುನೀರ ತೊಟ್ಟಿಯಲ್ಲಿ ಕ್ಯಾನು ಮುಳುಗಿಸಿ
ರಾತ್ರಿಯಿಡೀ ಕಾದು ಒಂದೊಂದೇ ಗಡ್ಡೆ ಎಬ್ಬಿಸಿದವರು,
ಬೂತಾಯಿ ಬಾರದ ವರ್ಷ ನನ್ನ ಬಳೆ ಅಡವಿಟ್ಟವರು.
ಇಲ್ಲಿ ಊರಗಲ ಬಿದ್ದಿದೆ, ಕೇಳುವವರಿಲ್ಲ.

ದಂಡೆಯಲ್ಲಿ ಕುಕ್ಕುರುಗಾಲಲ್ಲಿ ಕುಳಿತು
ಗೆಣ್ಣಿನಿಂದ ತಟ್ಟಿ ನೋಡಿದರು, ತೆಂಗಿನಕಾಯಿ ತಟ್ಟುವ ಹಾಗೆ.
"ಗಾಳಿ ಸೇರಿದೆ. ದಕ್ಕೆಗೆ ನಡೆಯುವುದಿಲ್ಲ" ಅಂದರು.
ಆಗ ನಾನು ನಕ್ಕದ್ದು,
ಬಾಯಿಂದ ಹೊಗೆ ಬಂದದ್ದು.

ಗ್ಲೌಸು ಒಂದು ಎಲ್ಲಿಯೋ ಬಿದ್ದುಹೋಗಿತ್ತು ಇವರದ್ದು.
ವಾಪಸು ಬರುವ ದಾರಿ ಪೂರಾ ಗಾಜು.
"ಜಾರೀತು, ಮೆಲ್ಲ" ಅಂದು ನನ್ನ ಕೈ ಹಿಡಿದರು,
ಹಿಡಿದದ್ದನ್ನು ಹಾಗೆಯೇ ಕೋಟಿನ ಜೇಬಿಗೆ ಹಾಕಿದರು.
ನಡುಬೀದಿ. ಹಗಲು.
ಜನರ ಎದುರು ನನ್ನಿಂದ ಮೂರು ಹೆಜ್ಜೆ ಮುಂದೆ ನಡೆಯುವವರು.
ಜೇಬಿನ ಮೂಲೆಯಲ್ಲಿ ಬೆರಳಿಗೆ ಒಂದು ಕಾಗದ ಸಿಕ್ಕಿತು,
ಯಾವುದೋ ಬಂದರಿನ ಟ್ರಾಮಿನ ಟಿಕೇಟು,
ಅಕ್ಷರ ಅಳಿಸಿಹೋಗಿದೆ.
ಅಲ್ಲೇ ಬಿಟ್ಟೆವು.

ಬಜ್ಪೆಯಲ್ಲಿ ಇಳಿದಾಗ ಸೆಕೆ.
ಕೈ ಅದರ ಪಾಡಿಗೆ ಬ್ಯಾಗು ಹಿಡಿಯಿತು.

ಕೋಟು ಒಗೆಯಲಿಲ್ಲ. ಬಿಸಿಲಿಗೆ ಹಾಕಿ ಕೊಟ್ಟುಬಂದೆ.
ಫ್ಲೇವಿಬಾಯಿ ಮಡಚುವ ಮೊದಲು
ಜೇಬಿಗೆ ಕೈ ಹಾಕಿದಳು,
ಬಲಗಡೆಯದ್ದಕ್ಕೇ.
ಚಾ ಆರುವವರೆಗೂ ತೆಗೆಯಲಿಲ್ಲ.

ಪ್ಲಾಂಟಿನ ನೆಲ ಎಂದಿನಂತೆ ಒದ್ದೆ.
ಇವರು ಲೆಕ್ಕದ ಪುಸ್ತಕ ಹಿಡಿದು ಮುಂದೆ, ನಾನು ಹಿಂದೆ.
ಅಮೋನಿಯಾ ಮೂಗಿಗೆ ಬಡಿಯುತ್ತದೆ,
ಹಳೆಯ ಕಂಪ್ರೆಸರು ಕೆಮ್ಮುತ್ತದೆ.
ಬೋಟಿನವರು ಕೂಗುತ್ತಾರೆ, ಇನ್ನೂ ಐವತ್ತು ಗಡ್ಡೆ!
ಬಾಗಿಲಿನ ಹತ್ತಿರ ತಿರುಗದೆ ಒಂದು ಮಾತು ಬರುತ್ತದೆ,
"ಮೆಲ್ಲ."
ಮೊದಲೂ ಹೇಳುತ್ತಿದ್ದರೋ ಏನೋ,
ಮೆಷಿನಿನ ಸದ್ದಿನಲ್ಲಿ ನನಗೆ ಕೇಳಿರಲಿಕ್ಕಿಲ್ಲ.

"ಮತ್ತೆ ಏನೆಲ್ಲ ನೋಡಿದಿರಿ ರೇವತಿಯಕ್ಕ?"
ಕಟ್ಟಡ, ಅಂದೆ.
ದೊಡ್ಡ ದೊಡ್ಡ ಕಟ್ಟಡ.